ಅಟ್ಟದ ಕಾಯಿಯ ನೀರು ಎಲ್ಲಿಗೆ ಹೋಯಿತು?

2022ರ ಜೂನ್ ತಿಂಗಳು. ಕೊರೊನಾ ಕಾಟ ಮುಗಿದು ಶಾಲೆಗಳು ಮೊದಲಿನಂತೆ ನಡೆಯತೊಡಗಿದ್ದವು. ನಾನಾಗ ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ವಿಜ್ಞಾನದ ಮೇಷ್ಟ್ರು. ಮುಖ್ಯ ಶಿಕ್ಷಕರ ಹುದ್ದೆ ಖಾಲಿ ಬಿದ್ದಿದ್ದರಿಂದ ಅದರ ಪ್ರಭಾರವೂ ನನ್ನ ತಲೆಗೇ ಬಂದಿತ್ತು. ಪ್ರಭಾರ ಎಂದರೆ ಹೆಚ್ಚೇನಿಲ್ಲ, ಇದ್ದ ಕೆಲಸದ ಜೊತೆಗೆ ಒಂದು ಗೊಂಚಲು ಬೀಗದ ಕೈ ಮತ್ತು ಇಡೀ ಊರಿನ ಮಾತು. ಒಂದರಿಂದ ಎಂಟನೇ ತರಗತಿಯವರೆಗೆ ನಲವತ್ತೇಳು ಮಕ್ಕಳು, ನಾವು ಮೂವರು ಶಿಕ್ಷಕರು. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸದ್ದಿಲ್ಲದೆ ದಿನ ತಳ್ಳಿ ಹಾರ ಹಾಕಿಸಿಕೊಂಡು ಮನೆಗೆ ಹೋಗೋಣ ಎಂದುಕೊಂಡಿದ್ದೆ.

ನಾನು ತುಮಕೂರು ಪೇಟೆಯಲ್ಲಿ ಹುಟ್ಟಿ ಬೆಳೆದವನು. ಕೆಲಸಕ್ಕೆ ಸೇರುವವರೆಗೆ ತೆಂಗಿನಕಾಯಿಯ ಬಗ್ಗೆ ನನಗೆ ಗೊತ್ತಿದ್ದದ್ದು ಚಟ್ನಿಯಷ್ಟೇ. ಮೊದಲ ಹುದ್ದೆ ಮಾಯಸಂದ್ರದ ಬಳಿ, ಆಮೇಲೆ ಚಿಕ್ಕನಾಯಕನಹಳ್ಳಿ, ಕೊನೆಗೆ ಇಲ್ಲಿ. ಮೂರೂ ಕಡೆ ಮಕ್ಕಳು ನನಗಿಟ್ಟ ಹೆಸರು ಮಾತ್ರ ಒಂದೇ, ‘ನೋಟ್ಸ್ ಮೇಷ್ಟ್ರು’. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಪಾಠ ಓದಿಸುವುದು, ಪ್ರಶ್ನೆ ಹಾಕುವುದು, ಉತ್ತರ ಬರೆಸುವುದು, ಕೆಳಗೆ ಕೆಂಪು ಗೆರೆ ಎಳೆಸುವುದು. ನನ್ನ ಮಕ್ಕಳ ನೋಟ್ ಪುಸ್ತಕ ನೋಡಿದ ಅಧಿಕಾರಿಗಳು ಯಾವತ್ತೂ ಒಂದು ಮಾತು ಆಡಿದವರಲ್ಲ.

ಆ ಜುಲೈಯಲ್ಲಿ ತುಮಕೂರಿನಲ್ಲಿ ಮೂರು ದಿನದ ತರಬೇತಿಗೆ ಹೋಗಬೇಕಾಯಿತು. ವಿಷಯ, ಅನ್ವೇಷಣೆಯ ಮೂಲಕ ಕಲಿಕೆ. ಅಂದರೆ ಮೇಷ್ಟ್ರು ಉತ್ತರ ಹೇಳಬಾರದು. ಮಗು ಪ್ರಶ್ನೆ ಕೇಳಬೇಕು, ಹೀಗಿರಬಹುದು ಎಂದು ಊಹಿಸಬೇಕು, ಅಳೆದು ತೂಗಿ ನೋಡಿ ತಾನೇ ಉತ್ತರಕ್ಕೆ ಬರಬೇಕು. ಹೇಳಿಕೊಟ್ಟವಳು ನನ್ನ ಮಗಳ ವಯಸ್ಸಿನ ಹುಡುಗಿ. ಮಗು ಏನಾದರೂ ಕೇಳಿದರೆ ‘ಅದನ್ನು ಹೇಗೆ ಕಂಡುಹಿಡಿಯೋಣ’ ಎಂದು ಮಗುವನ್ನೇ ಕೇಳಿ ಎಂದು ಅವಳು ಮೂರು ದಿನವೂ ಹೇಳಿದಳು. ಇಡೀ ಪುಸ್ತಕ ಮುಗಿಸಬೇಕಾದವನು ನಾನೋ ನೀನೋ ತಾಯಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮಧ್ಯಾಹ್ನದ ಊಟ ಚೆನ್ನಾಗಿತ್ತು. ಊಟದ ನಂತರದ ಅವಧಿಗಳ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ.

ತರಬೇತಿಯಿಂದ ಬಂದು ವಾರ ಕಳೆದಿರಬೇಕು. ಏಳನೇ ತರಗತಿಯಲ್ಲಿ ಘನ, ದ್ರವ, ಅನಿಲಗಳ ಪಾಠ. ಊರಿನ ಉದಾಹರಣೆ ಕೊಟ್ಟರೆ ಮಕ್ಕಳಿಗೆ ಹತ್ತಿರವಾಗುತ್ತದೆಂದು ಕೊಬ್ಬರಿಯ ಮಾತು ತೆಗೆದೆ. ಈ ಸೀಮೆಯ ಉಂಡೆ ಕೊಬ್ಬರಿ ತಯಾರಾಗುವ ರೀತಿ ಎಲ್ಲರಿಗೂ ಗೊತ್ತು. ಬಲಿತ ಕಾಯಿಯನ್ನು ಮಟ್ಟೆ ಸುಲಿಯದೆ ಹಾಗೇ ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗ ಸುಲಿದು ಒಡೆದರೆ ಇಡಿಯಾದ ಕೊಬ್ಬರಿ ಉಂಡೆ. ನಾನು ಇಷ್ಟು ವಿವರಿಸಿ, ಮಾಯಸಂದ್ರದಲ್ಲಿ ಇದ್ದಾಗಿನಿಂದ ಬರೆಸುತ್ತ ಬಂದ ವಾಕ್ಯವನ್ನೇ ಬರೆಸಿದೆ: ‘ಕಾಯಿಯೊಳಗಿನ ನೀರು ಕ್ರಮೇಣ ಗಟ್ಟಿಯಾಗಿ ಕೊಬ್ಬರಿಯಾಗುತ್ತದೆ.’

ಎರಡನೇ ಸಾಲಿನಲ್ಲಿ ಕೂತಿದ್ದ ಚಂದನಾ ಪೆನ್ನು ಕೆಳಗಿಟ್ಟು ಎದ್ದು ನಿಂತಳು. ಅವರದು ತೆಂಗಿನ ತೋಟದ ಮನೆ. ಅಪ್ಪ ರುದ್ರೇಶ್ ನಮ್ಮ ಶಾಲೆಯ ಎಸ್‌ಡಿಎಂಸಿ, ಅಂದರೆ ಪೋಷಕರ ಉಸ್ತುವಾರಿ ಸಮಿತಿಯ ಸದಸ್ಯ.

“ನೀರೆಲ್ಲ ಕೊಬ್ರಿ ಆದ್ರೆ ತೂಕ ಅಷ್ಟೇ ಇರ್ಬೇಕಲ್ವಾ ಸಾ? ನಮ್ಮ ಅಟ್ಟದಾಗೆ ಹಳೇ ಕಾಯಿ ಹಗುರ ಇರ್ತಾವೆ. ಆ ನೀರು ಎಲ್ಲಿಗೆ ಹೋಯ್ತು?”

ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. ತಲೆಹರಟೆ ಮಾಡದೆ ಬರೆದುಕೋ ಎಂದು ಗದರಿಸಿದೆ. ತರಗತಿ ಗೊಳ್ಳೆಂದಿತು. ಅವಳು ಕೂತು ಬರೆದುಕೊಂಡಳು. ಅಂದಿನಿಂದ ನನ್ನ ತರಗತಿಯಲ್ಲಿ ಅವಳು ಬಾಯಿ ಬಿಡಲಿಲ್ಲ. ಹಾಜರಿ ಕೂಗಿದಾಗ ಕೈ ಮಾತ್ರ ಎತ್ತುತ್ತಿದ್ದಳು. ನನಗೆ ಅದು ಚುಚ್ಚಬೇಕಾಗಿತ್ತು, ಚುಚ್ಚಲಿಲ್ಲ. ಮಗು ಶಿಸ್ತು ಕಲಿಯಿತು ಎಂದುಕೊಂಡೆ.

ಆಗಸ್ಟ್ ಮೊದಲ ವಾರ ರುದ್ರೇಶ್ ಬೈಕ್ ನಿಲ್ಲಿಸಿ ಕೊಠಡಿಗೆ ಬಂದರು. ಹಿಂದೆ ಚಂದನಾ. ಮಗಳ ಟಿ.ಸಿ. ಬೇಕು, ತಿಪಟೂರಿನ ಖಾಸಗಿ ಶಾಲೆಗೆ ಸೇರಿಸುತ್ತೇನೆ, ಅಲ್ಲಿ ಮಾತಾಡಿ ಬಂದಿದ್ದೇನೆ ಎಂದರು. ಶಾಲೆ ಬಿಡುವ ಮಗುವಿಗೆ ಕೊಡುವ ವರ್ಗಾವಣೆ ಪತ್ರವೇ ಟಿ.ಸಿ. ನಮ್ಮಂಥ ಸಣ್ಣ ಶಾಲೆಗೆ ಅದು ಬರೀ ಕಾಗದವಲ್ಲ. ಒಬ್ಬರು ಹೋದರೆ ಹಿಂದೆಯೇ ಇನ್ನಿಬ್ಬರು ಹೋಗುತ್ತಾರೆ, ಮಕ್ಕಳ ಸಂಖ್ಯೆ ಇಳಿದರೆ ಒಬ್ಬ ಮೇಷ್ಟ್ರನ್ನು ಎತ್ತಂಗಡಿ ಮಾಡುತ್ತಾರೆ. ಆದರೆ ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಂಖ್ಯೆಯ ಯೋಚನೆ ಬರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತೇ ಸಾಕಾಗಿತ್ತು.

“ಇಲ್ಲಿ ಬಾಯಿ ಬಿಡಾಕಿಲ್ಲ, ಮನೇಲಿ ಮುಚ್ಚಾಕಿಲ್ಲ ಮೇಷ್ಟ್ರೇ. ನೀರು ಎಲ್ಲಿಗೋಯ್ತು, ನೀರು ಎಲ್ಲಿಗೋಯ್ತು ಅಂತ ನನ್ನ ಜೀವ ತಿಂತಾಳೆ. ಕೇಳುದ್ರೆ ಉತ್ತರ ಹೇಳೋ ಕಡೆ ಓದ್ಲಿ ಬುಡಿ. ಇಲ್ಲಿ ತಲೆಹರಟೆ ಅಂತೀರಂತೆ.”

ನಾನು ಕುರ್ಚಿಯಲ್ಲೇ ಕುಗ್ಗಿದೆ. ಆಗ ಚಂದನಾಳೇ ನನ್ನನ್ನು ಬಚಾವು ಮಾಡಿದಳು, ಬೇಕೆಂದು ಮಾಡಿದ್ದಲ್ಲ. ಆ ಸ್ಕೂಲಿನ ಮಿಸ್ಸಿಗೆ ನೀರು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾ ಎಂದು ಅಪ್ಪನನ್ನು ಕೇಳಿದಳು. ಅದನ್ನು ರುದ್ರೇಶ್ ವಿಚಾರಿಸಿರಲಿಲ್ಲ.

ಅಷ್ಟರಲ್ಲಿ ನನ್ನ ಬಾಯಿಂದ ತರಬೇತಿಯ ಮಾತು ಬಂದೇಬಿಟ್ಟಿತು. ಉತ್ತರ ನನಗೂ ಗೊತ್ತಿಲ್ಲ, ಹೇಗೆ ಕಂಡುಹಿಡಿಯೋಣ ಎಂದು ಅವಳ ಜೊತೆಗೇ ಕೂತು ನೋಡುತ್ತೇನೆ, ವರ್ಷ ಮುಗಿಯುವವರೆಗೆ ಸಮಯ ಕೊಡಿ ಎಂದೆ. ನೀರೇ ಕೊಬ್ಬರಿಯಾಗುವುದು ಎಂಬುದರಲ್ಲಿ ರುದ್ರೇಶ್‌ಗೆ ಅನುಮಾನವಿರಲಿಲ್ಲ. ಆದರೂ ಒಪ್ಪಿದರು, ಒಂದು ಷರತ್ತಿನ ಮೇಲೆ.

“ಮಾರ್ಚ್ ಮೀಟಿಂಗ್‌ನಾಗೆ ಎಲ್ಲರ ಎದುರಿಗೆ ಇವಳು ಉತ್ತರ ಹೇಳ್ಬೇಕು. ಹೇಳುದ್ರೆ ಇಲ್ಲೇ ಓದ್ಲಿ. ಇಲ್ದಿದ್ರೆ ನೀವೇ ಟಿ.ಸಿ. ಬರ್ದು ಕೈಗೆ ಕೊಡ್ಬೇಕು, ಆಯ್ತಾ?”

ಆಯ್ತು ಎಂದೆ. ಮೂವತ್ತೊಂದು ವರ್ಷದ ಸೇವೆಯಲ್ಲಿ ನಾನು ಉತ್ತರ ಗೊತ್ತಿಲ್ಲದೆ ಒಪ್ಪಿಕೊಂಡ ಮೊದಲ ಪರೀಕ್ಷೆ ಅದು.

ಮಾರನೇ ದಿನವೇ ರುದ್ರೇಶ್ ತೋಟದಿಂದ ನಲವತ್ತು ಕಾಯಿ ಬಂದವು. ಏಳನೇ ತರಗತಿಯ ಹನ್ನೊಂದು ಮಕ್ಕಳೂ ಸೇರಿ ಒಂದೊಂದಕ್ಕೂ ಬಣ್ಣದಲ್ಲಿ ನಂಬರ್ ಬರೆದರು. ಬಿಸಿಯೂಟದ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಪುಸ್ತಕಕ್ಕೆ ಏರಿಸಿದರು. ಇನ್ನು ತಿಂಗಳಿಗೊಮ್ಮೆ ತೂಗುತ್ತ ಹೋದರಾಯಿತು ಎಂಬುದು ನನ್ನ ಲೆಕ್ಕ. ಇಷ್ಟಕ್ಕೆಲ್ಲ ಅಟ್ಟ ಯಾಕೆ ಎಂದು ಅಷ್ಟನ್ನೂ ಶಾಲೆಯ ಹಿಂದಿನ ಉಗ್ರಾಣದ ನೆಲದ ಮೇಲೆ ಸಾಲಾಗಿ ಜೋಡಿಸಿ ಬೀಗ ಹಾಕಿದೆ. ಹಾಗೆ ಇಡಬಾರದು ಎನ್ನುವಂತೆ ಮಕ್ಕಳು ಮುಖ ಮುಖ ನೋಡಿಕೊಂಡರು. ಮೇಷ್ಟ್ರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬರದಂತೆ ಮಾಡಿದವನು ನಾನೇ.

ಆ ವರ್ಷ ಮಳೆ ಬಿಡದೆ ಸುರಿಯಿತು. ಉಗ್ರಾಣದ ನೆಲವೆಲ್ಲ ತೇವ. ಮೊದಲ ಎರಡು ತಿಂಗಳ ತೂಕ ಒಂದೊಂದು ಕಾಯಿಯದು ಒಂದೊಂದು ಥರ ಬಂತು. ಕೆಲವಂತೂ ಮೊದಲಿಗಿಂತ ಭಾರವಾಗಿದ್ದವು. ದೀಪಾವಳಿ ಕಳೆದು ಬಾಗಿಲು ತೆಗೆದಾಗ ಹದಿನಾಲ್ಕು ಕಾಯಿಗಳ ನೆತ್ತಿಯಲ್ಲಿ ಹಸಿರು ಮೊಳಕೆ ನಿಂತಿತ್ತು. ಮಕ್ಕಳಿಗೆ ಹಬ್ಬವೋ ಹಬ್ಬ. ಮೊಳೆತ ಕಾಯಿ ಒಡೆದು ಒಳಗಿನ ಸಿಹಿ ಹೂವನ್ನು ಪಾಲು ಹಾಕಿಕೊಂಡು ತಿಂದರು, ನನಗೂ ಒಂದು ಚೂರು ಕೊಟ್ಟರು. ನಾನು ಅದನ್ನು ಕೈಯಲ್ಲೇ ಹಿಡಿದು ತಿಂಗಳು ಎಣಿಸಿದೆ. ಮೂರು ತಿಂಗಳು ಹೋಗಿತ್ತು, ಇನ್ನು ಉಳಿದದ್ದು ಐದು. ಕೊಬ್ಬರಿಗೆ ಬೇಕಾದದ್ದು ಹತ್ತು. ಚಂದನಾ ಮಾತ್ರ ಹೂವು ತಿನ್ನದೆ ನನ್ನ ಪಕ್ಕ ನಿಂತಿದ್ದಳು. ಅವಳಿಗೂ ಲೆಕ್ಕ ಗೊತ್ತಿತ್ತು.

ಸುದ್ದಿ ಊರೆಲ್ಲ ಸುತ್ತಿತು. ಸಂಜೆ ಚಂದನಾಳ ಅಜ್ಜಿ ಗಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಉಗ್ರಾಣ ನೋಡಲು ಬಂದರು. ಎಪ್ಪತ್ತು ದಾಟಿದ ಜೀವ, ಅಟ್ಟದ ಯಜಮಾನಿಕೆ ಈಗಲೂ ಅವರದೇ. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಇನ್ನೆಷ್ಟು ದಿನಕ್ಕೆ ಕೊಬ್ಬರಿಯಾಗುತ್ತದೆಂದು ಹೇಳಬಲ್ಲರು ಎಂದು ಊರು ಮಾತಾಡುತ್ತಿತ್ತು.

“ಸಸಿ ಮಡಿ ಮಾಡೀರಲ್ಲ ಮೇಷ್ಟ್ರೇ. ಕೊಬ್ರಿ ಅಂದಂಗಿತ್ತು,” ಎಂದರು.

ನಾನೂ ನಕ್ಕೆ, ನಗದೆ ಬೇರೆ ದಾರಿಯಿರಲಿಲ್ಲ. ಕಾಯಿಗೆ ನೆಲ ತಾಗಿದರೆ ಹುಟ್ಟುವ ಯೋಚನೆ ಬರುತ್ತದೆ, ಕೆಳಗಿಂದ ಗಾಳಿ ಆಡಿದರೆ ಒಣಗುವ ಯೋಚನೆ ಬರುತ್ತದೆ ಎಂದು ಅವರು ವಿವರಿಸಿದರು. ಬೇಕಾದರೆ ಅಟ್ಟ ತೋರಿಸುತ್ತೇನೆ, ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದರು. ಅಟ್ಟಕ್ಕೆ ಹೊರಗಿನವರನ್ನು ಹತ್ತಿಸುವವರಲ್ಲ ಅವರು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು.

ಮರುದಿನ ಹನ್ನೊಂದು ಮಕ್ಕಳೊಂದಿಗೆ ಏಣಿ ಹತ್ತಿದೆ. ಅರ್ಧ ಏಣಿಯಲ್ಲಿ ನನ್ನ ಮೊಣಕಾಲು ಪ್ರತಿಭಟಿಸಿತು, ಮಕ್ಕಳು ಹಿಂದಿನಿಂದ ತಳ್ಳಿದರು. ಮೇಲೆ ಅಡಿಕೆ ದಬ್ಬೆಗಳ ಹಾಸಿನ ಮೇಲೆ ಕಾಯಿ ರಾಶಿ ರಾಶಿಯಾಗಿ ಬಿದ್ದಿತ್ತು. ಒಂದೇ ರಾಶಿಯಲ್ಲ, ನಡುವೆ ಹಲಗೆ ಕೊಟ್ಟು ಬೇರೆ ಬೇರೆ ಮಾಡಿದ ಐದಾರು ರಾಶಿಗಳು. ಇದು ಹೋದ ತಿಂಗಳು ಕಿತ್ತದ್ದು, ಇದು ಆಷಾಢದ್ದು, ಅದು ಯುಗಾದಿ ಹೊತ್ತಿನದು, ಆ ಮೂಲೆಯದು ಹೋದ ವರ್ಷದ್ದು, ಇನ್ನೊಂದು ವಾರಕ್ಕೆ ಸುಲಿಯಬೇಕು ಎಂದು ಗಂಗಮ್ಮ ತೋರಿಸುತ್ತ ಹೋದರು. ನಾನು ಹೂಂಗುಟ್ಟುತ್ತ ಬೆವರು ಒರೆಸಿಕೊಳ್ಳುತ್ತಿದ್ದೆ. ಚಂದನಾ ಒಂದು ರಾಶಿಯಿಂದ ಇನ್ನೊಂದಕ್ಕೆ ನೋಡುತ್ತ ನಿಂತವಳು ತಟ್ಟನೆ ನನ್ನ ಕಡೆ ತಿರುಗಿದಳು. ಜುಲೈ ನಂತರ ಅವಳು ನನ್ನ ಹತ್ತಿರ ತಾನಾಗಿ ಆಡಿದ ಮೊದಲ ಮಾತು ಅದು.

“ನಾವು ಕಾಯೋದು ಬ್ಯಾಡ ಸಾ. ಎಲ್ಲ ತಿಂಗ್ಳ ಕಾಯೂ ಇಲ್ಲೇ ಅವೆ. ಒಂದೊಂದು ರಾಶೀದು ಒಡೆದು ನೋಡುದ್ರೆ ಆಯ್ತು.”

ಹತ್ತು ತಿಂಗಳು ಕಾಯಬೇಕಾದ್ದು ಆ ಅಟ್ಟದ ಮೇಲೆ ಪಕ್ಕ ಪಕ್ಕದಲ್ಲೇ ಬಿದ್ದಿತ್ತು. ಪ್ರತಿದಿನ ಅದನ್ನು ನೋಡುವ ಮನೆಯ ಮಗುವಿಗೆ ಅದು ಹೊಳೆಯಿತು. ಡಿಗ್ರಿ ಇದ್ದ ನನಗೆ ಹೊಳೆಯಲಿಲ್ಲ. ಅವಳ ಬೆನ್ನು ತಟ್ಟಿ, ನೀನು ಜುಲೈಯಲ್ಲಿ ಕೇಳಿದ್ದು ಸರಿಯಾದ ಪ್ರಶ್ನೆ, ನಾನು ಗದರಿಸಿದ್ದು ತಪ್ಪು ಎಂದು ಅಲ್ಲೇ ಎಲ್ಲ ಮಕ್ಕಳ ಮುಂದೆ ಹೇಳಿದೆ. ಏಣಿ ಇಳಿಯುವಾಗ ಅವಳು ನನ್ನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ತಂದು ಕೆಳಗಿಟ್ಟಳು.

ಅಟ್ಟದಿಂದ ಐದು ವಯಸ್ಸಿನ ಕಾಯಿಗಳನ್ನು ಆರಿಸಿದೆವು. ಮೊದಲ ಸಲ ಇಡೀ ಕಾಯಿಯನ್ನೇ ತೂಗಿ, ಹಳೆಯವು ಹಗುರವಿದ್ದದ್ದನ್ನು ರುದ್ರೇಶ್‌ಗೆ ಹೆಮ್ಮೆಯಿಂದ ತೋರಿಸಿದೆ. ಅವರು ಪುಸ್ತಕ ನೋಡಿ, ಮಟ್ಟೆ ಒಣಗಿದರೂ ತೂಕ ಇಳಿಯುತ್ತದಲ್ಲ, ಇದರಲ್ಲಿ ನೀರಿನ ವಿಷಯ ಎಲ್ಲಿ ಬಂತು ಎಂದರು. ಹೊಲದಲ್ಲಿ ದುಡಿದು ಬಂದು ಕಾಲು ತೊಳೆದುಕೊಳ್ಳುತ್ತ ಹೇಳಿದ ಮಾತು. ತರಬೇತಿಯ ಹುಡುಗಿ ಅದನ್ನು ಕೇಳಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳು. ನನಗೆ ಆ ಹೊತ್ತಿಗೆ ಬಂದದ್ದು ಸಿಟ್ಟು. ಮನೆಗೆ ಹೋಗಿ ಊಟ ಮಾಡಿದ ಮೇಲೆ ಮನುಷ್ಯ ಹೇಳಿದ್ದು ಸರಿ ಎನ್ನಿಸಿತು.

ಮಕ್ಕಳು ಕೂತು ಹೊಸ ಯೋಜನೆ ಹಾಕಿದರು. ಮಟ್ಟೆ ತೆಗೆದುಬಿಡುವುದು. ಕಾಯಿ ಒಡೆದು ನೀರನ್ನು ಅಳತೆಯ ಜಾಡಿಗೆ ಹಾಕುವುದು, ತಿರುಳನ್ನೂ ಚಿಪ್ಪನ್ನೂ ಬೇರೆ ಬೇರೆ ತೂಗುವುದು. ಒಂದು ಕಾಯಿ ದಪ್ಪ ಇನ್ನೊಂದು ಸಣ್ಣ ಇರಬಹುದಾದ್ದರಿಂದ ಒಂದೊಂದು ರಾಶಿಯಿಂದಲೂ ಐದೈದು. ಇಪ್ಪತ್ತೈದು ಕಾಯಿ ಒಡೆಯಲು ನಾಲ್ಕು ದಿನ ಹಿಡಿಯಿತು. ತೂಗಿದ ಹಸಿ ತಿರುಳೆಲ್ಲ ಬಿಸಿಯೂಟಕ್ಕೆ ಸೇರಿ, ಆ ವಾರ ಇಡೀ ಶಾಲೆ ಕಾಯಿ ಹಾಲಿನ ಸಾರು, ಕಾಯಿ ಚಟ್ನಿ, ಕಾಯಿ ಪಲ್ಯ ತಿಂದಿತು. ಹೊಟ್ಟೆ ತುಂಬ ಉಂಡ ಮಕ್ಕಳು ಮಧ್ಯಾಹ್ನ ತೂಕಡಿಸುತ್ತಿದ್ದರೆ ನಾನು ಏನೂ ಅನ್ನಲಿಲ್ಲ. ತುಮಕೂರಿನಲ್ಲಿ ನಾನೂ ಅದೇ ಮಾಡಿದವನು.

ಕೊನೆಗೆ ಬೋರ್ಡಿನ ಮೇಲೆ ಸರಾಸರಿ ಬರೆದಾಗ ಹೀಗಿತ್ತು. ಹೊಸದಾಗಿ ಕಿತ್ತ ಕಾಯಿಯಲ್ಲಿ ನೀರು ನೂರಿಪ್ಪತ್ತೈದು ಮಿಲಿಲೀಟರ್, ತಿರುಳು ಮುನ್ನೂರ ಹತ್ತು ಗ್ರಾಂ. ನಾಲ್ಕು ತಿಂಗಳದರಲ್ಲಿ ನೀರು ಎಂಬತ್ತು, ತಿರುಳು ಇನ್ನೂರ ಎಪ್ಪತ್ತು. ಏಳು ತಿಂಗಳದರಲ್ಲಿ ಮೂವತ್ತು, ಇನ್ನೂರ ಇಪ್ಪತ್ತು. ಒಂಬತ್ತಕ್ಕೆ ಒಂದೆರಡು ಚಮಚ ನೀರು, ತಿರುಳು ನೂರ ಎಂಬತ್ತು. ಸುಲಿಯಲು ಬಂದ ಕೊಬ್ಬರಿಯಲ್ಲಿ ನೀರು ಸೊನ್ನೆ, ಉಂಡೆಯ ತೂಕ ನೂರ ಐವತ್ತು. ಚಿಪ್ಪಿನ ತೂಕ ಮಾತ್ರ ಐದು ರಾಶಿಯದೂ ಹೆಚ್ಚುಕಡಿಮೆ ಒಂದೇ. ಅಂದರೆ ನಾವು ಆರಿಸಿದ ಕಾಯಿಗಳು ಒಂದೇ ಗಾತ್ರದವು, ಅದರಲ್ಲಿ ಮೋಸವಿಲ್ಲ.

ರುದ್ರೇಶ್‌ಗೆ ಹೇಳಿ ಕಳಿಸಿದೆವು. ಬಂದು ಬೋರ್ಡ್ ಮುಂದೆ ನಿಂತರು. ನೀರು ಕೊಬ್ಬರಿಯಾಗುವುದಾದರೆ ತಿರುಳಿನ ತೂಕ ಏರಬೇಕಿತ್ತು. ಅದು ಅರ್ಧಕ್ಕೆ ಇಳಿದಿತ್ತು. ತಕ್ಕಡಿ ಸರಿಯಿದೆಯೇ ಎಂದು ಮನೆಯಿಂದ ತಮ್ಮದೇ ತಕ್ಕಡಿ ತಂದು ಎರಡು ಉಂಡೆ ತೂಗಿ ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತು, ಚಿಕ್ಕಂದಿನಲ್ಲಿ ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದೇ ಹಾಗೆ, ಅದಕ್ಕೇ ನಂಬಿದ್ದೆ ಎಂದರು. ನನಗೆ ನಗು ತಡೆಯಲಾಗಲಿಲ್ಲ. ನನಗೆ ಅದನ್ನು ಹೇಳಿದವರು ಮಾಯಸಂದ್ರದ ನನ್ನ ಮನೆ ಮಾಲೀಕರು, ತೆಂಗು ಬೆಳೆಯುವ ರೈತರು. ಕೊಬ್ಬರಿ ಮಾಡುವವರೇ ಹೇಳಿದ ಮೇಲೆ ಇನ್ನೇನು ಎಂದು ನಾನು ನೋಟ್ಸಿಗೆ ಏರಿಸಿದ್ದೆ. ರೈತರು ಮೇಷ್ಟ್ರನ್ನು ನಂಬಿದ್ದರು, ಮೇಷ್ಟ್ರು ರೈತರನ್ನು ನಂಬಿದ್ದರು, ಕಾಯಿಯನ್ನು ಯಾರೂ ಕೇಳಿರಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮಕ್ಕಳಿಗೆ ಇವರಿಗೇನಾಯಿತು ಎಂದು ಗಾಬರಿ.

ನಕ್ಕು ಮುಗಿಸಿದ ರುದ್ರೇಶ್ ಷರತ್ತನ್ನು ಮರೆತಿರಲಿಲ್ಲ. ನೀರು ಕೊಬ್ಬರಿಯಾಗಲಿಲ್ಲ ಎಂಬುದು ಗೊತ್ತಾಯಿತು, ಆದರೆ ಎಲ್ಲಿಗೆ ಹೋಯಿತು ಎಂಬುದು ಗೊತ್ತಾಗಲಿಲ್ಲವಲ್ಲ, ಚಿಪ್ಪು ಕಲ್ಲಿದ್ದ ಹಾಗಿದೆ ಎಂದು ಹೇಳಿ ಹೋದರು.

ಮುಂದಿನ ದಾರಿ ಹೊಳೆಯುವ ಹೊತ್ತಿಗೆ ಜನವರಿ ಬಂದಿತ್ತು. ಮಕ್ಕಳು ಊರಿನ ಅಂಗಡಿಯಿಂದ ಪೆಪ್ಪರ್‌ಮೆಂಟಿನ ಖಾಲಿ ಡಬ್ಬಿಗಳನ್ನು ತಂದರು, ಅಗಲ ಬಾಯಿಯ ಪಾರದರ್ಶಕ ಡಬ್ಬಿಗಳು. ಮೂರು ಕಾಯಿಗಳ ಮಟ್ಟೆ ಸುಲಿದು, ನಾರು ಕೆರೆದು, ಹೊರಮೈ ಒಂದಿಷ್ಟೂ ತೇವವಿರದಂತೆ ಎರಡು ದಿನ ಬಿಸಿಲಿಗಿಟ್ಟರು. ಒಂದನ್ನು ಹಾಗೇ ಡಬ್ಬಿಯಲ್ಲಿಟ್ಟು ಮುಚ್ಚಿದರು. ಇನ್ನೊಂದರ ಮೂರು ಕಣ್ಣುಗಳಿಗೆ ಮಾತ್ರ ಮೇಣದಬತ್ತಿ ಕರಗಿಸಿ ಹಾಕಿದರು. ಮೂರನೆಯದಕ್ಕೆ ಮೈಯೆಲ್ಲ ಮೇಣ. ವಾರದ ಮೇಲೆ ನೋಡಿದರೆ ಮೊದಲ ಡಬ್ಬಿಯ ಒಳಗೋಡೆಯ ಮೇಲೆ ಹನಿಗಳು ಕೂತಿದ್ದವು. ಮೈಯೆಲ್ಲ ಮೇಣ ಬಳಿದದ್ದು ಒಣ ಒಣ. ನೀರು ಆವಿಯಾಗಿ ಹೊರಗೆ ಬರುತ್ತಿತ್ತು! ಚಂದನಾ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಶಾಲೆಯೆಲ್ಲ ಓಡಿದಳು, ಒಂದನೇ ತರಗತಿಯ ಪುಟಾಣಿಗಳೂ ಅವಳ ಹಿಂದೆ ಓಡಿದವು. ನನಗೂ ಓಡಬೇಕೆನ್ನಿಸಿತು.

ತೊಂದರೆ ಕೊಟ್ಟದ್ದು ಎರಡನೇ ಡಬ್ಬಿ. ಕಣ್ಣು ಮುಚ್ಚಿದ ಆ ಕಾಯಿಯಲ್ಲಿ ಮೊದಲ ಸಲ ಹನಿ ತೀರ ಕಡಿಮೆ ಬಂದವು. ನೀರು ಕಣ್ಣಿನಿಂದಲೇ ಹೋಗುತ್ತದೆ ಎಂದುಕೊಂಡೆವು. ಫೆಬ್ರವರಿಯಲ್ಲಿ ಬೇರೆ ಕಾಯಿಗಳೊಂದಿಗೆ ಮತ್ತೆ ಮಾಡಿದಾಗ ಕಣ್ಣು ಮುಚ್ಚಿದ್ದರಲ್ಲೂ ಮುಚ್ಚದ್ದರಲ್ಲೂ ಒಂದೇ ಸಮ ಬಂದವು. ಮೇಣ ಬಿರುಕು ಬಿಟ್ಟಿತ್ತೋ, ಚಿಪ್ಪಿನ ಮೈಯಿಂದಲೇ ಬಂದವೋ ಹೇಳಲು ದಾರಿಯಿರಲಿಲ್ಲ. ಮೂರನೇ ಸಲ ಮಾಡಲು ಸಮಯವೂ ಇರಲಿಲ್ಲ, ಪರೀಕ್ಷೆ ಬಾಗಿಲಲ್ಲಿ ನಿಂತಿತ್ತು.

ಪೋಷಕರ ಸಭೆ ಮಾರ್ಚ್ ಕೊನೆಯ ಶನಿವಾರ. ಹಿಂದಿನ ದಿನ ನಾನು ಮಾಡಿದ ಕೆಲಸವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಚಂದನಾಳನ್ನು ಕರೆದು, ಎರಡನೇ ಸಲದ ಡಬ್ಬಿಯ ವಿಷಯ ಸಭೆಯಲ್ಲಿ ಎತ್ತಬೇಡ, ನೀರು ಕಣ್ಣಿಂದ ಹೋಗುತ್ತದೆ ಎಂದು ಗಟ್ಟಿಯಾಗಿ ಹೇಳಿಬಿಡು ಎಂದೆ. ಅವಳನ್ನು ಕಳೆದುಕೊಳ್ಳುವ ಭಯ ನನಗೆ ಅಷ್ಟಿತ್ತು. ಅವಳು ತಲೆ ಅಲ್ಲಾಡಿಸಿದಳು. ಹೂಂ ಎಂದಳೋ ಊಹೂಂ ಎಂದಳೋ ನನಗೆ ತಿಳಿಯಲಿಲ್ಲ. ನೋಟ್ಸ್ ಮೇಷ್ಟ್ರು ಇನ್ನೂ ಒಳಗೇ ಕೂತಿದ್ದ.

ಶನಿವಾರ ನಡುವಿನ ಕೊಠಡಿ ತುಂಬಿತ್ತು. ಗಂಗಮ್ಮನೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಚಂದನಾ ಬೋರ್ಡಿನ ಅಂಕಿಗಳನ್ನು ಒಂದೊಂದಾಗಿ ವಿವರಿಸಿದಳು, ಡಬ್ಬಿಗಳನ್ನು ತೋರಿಸಿದಳು. ಉಗ್ರಾಣದಲ್ಲಿ ಮೊಳೆತ ಕಾಯಿಯ ಕಥೆಯನ್ನೂ ಬಿಡಲಿಲ್ಲ, ಊರು ನನ್ನನ್ನು ನೋಡಿ ಮನಸಾರೆ ನಕ್ಕಿತು. ನೀರು ಆವಿಯಾಗಿ ಹೊರಗೆ ಹೋಗುತ್ತದೆ ಎಂದು ಅವಳು ಮುಗಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ರುದ್ರೇಶ್ ತಟ್ಟಲಿಲ್ಲ. ಹಿಂದಿನಿಂದ ಎದ್ದು ನಿಂತರು.

“ಹೋಗೋದು ಸರಿ ಕಣಮ್ಮ. ಯಾವ ದಾರೀಲಿ ಹೋಗುತ್ತೆ? ಕಣ್ಣಿಂದ್ಲಾ, ಚಿಪ್ಪಿಂದ್ಲಾ?”

ಅವಳು ನನ್ನ ಕಡೆ ನೋಡಿದಳು. ನಾನು ಕಣ್ಣು ಎಂಬಂತೆ ಸಣ್ಣಗೆ ತಲೆ ಆಡಿಸಿದೆ. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಅವಳು ಅಪ್ಪನ ಕಡೆ ತಿರುಗಿದಳು.

“ಗೊತ್ತಿಲ್ಲಪ್ಪಾ. ಎರಡು ಸಲ ಮಾಡಿದ್ವಿ. ಎರಡು ಸಲನೂ ಬೇರೆ ಬೇರೆ ಬಂತು.”

ಉತ್ತರ ಹೇಳದಿದ್ದರೆ ಟಿ.ಸಿ. ಎಂದು ಒಪ್ಪಿದವನು ನಾನೇ, ಒಪ್ಪಿದ್ದು ಅರ್ಧ ಊರಿಗೆ ಗೊತ್ತಿತ್ತು. ಚಂದನಾ ಎರಡನೇ ಡಬ್ಬಿಯನ್ನು ಹಿಡಿದುಕೊಂಡೇ ನಿಂತಿದ್ದಳು. ಕಣ್ಣು ತುಂಬಿತ್ತು, ಆದರೆ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ರುದ್ರೇಶ್ ಬೋರ್ಡಿನ ಹತ್ತಿರ ಬಂದು ಡಬ್ಬಿ ಈಸಿಕೊಂಡು, ಬೆಳಕಿಗೆ ಹಿಡಿದು, ಒಳ್ಳೆಯ ಕಾಯಿ ಆರಿಸುವವರ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಮುಚ್ಚಳ ತೆಗೆದು, ಕಾಯಿಯ ಕಣ್ಣಿಗೆ ಮೇಣ ಹಾಕಿದ ಜಾಗವನ್ನು ಉಗುರಿನಿಂದ ಕೆರೆದರು. ಆಮೇಲೆ ನನ್ನನ್ನು ಕೇಳಿದರು.

“ಎಂಟನೇ ಕ್ಲಾಸು ಇಲ್ಲೇ ಐತಲ್ವಾ ಮೇಷ್ಟ್ರೇ?”

ಇದೆ ಎಂದೆ.

“ಹಂಗಾದ್ರೆ ಅದನ್ನೂ ನೋಡಿಬುಡ್ಲಿ. ಅರ್ಧಕ್ಕೆ ಬುಟ್ಟು ಎಲ್ಲಿಗೋದಾಳು?”

ಗಂಗಮ್ಮ ಮುಂದಿನ ಸಾಲಿನಲ್ಲಿ ಜೋರಾಗಿ ನಕ್ಕರು. ನಾನು ಬೋರ್ಡ್ ಒರೆಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ. ಒರೆಸಲು ಹೋಗಿ ಅಂಕಿಗಳನ್ನೆಲ್ಲ ಅಳಿಸಿಬಿಟ್ಟೆ ಎಂದು ಮಕ್ಕಳು ಬೊಬ್ಬೆ ಹೊಡೆದರು.

ಎಂಟನೇ ತರಗತಿಯಲ್ಲಿ ಅವರು ಮೇಣ ಬಿಟ್ಟು ಬಣ್ಣ ಬಳಿದು ನೋಡಿದರು, ಚಿಪ್ಪಿನ ಚೂರನ್ನೇ ಲೋಟದ ಬಾಯಿಗೆ ಅಂಟಿಸಿ ನೋಡಿದರು. ಒಂದಷ್ಟು ತಿಳಿಯಿತು, ಇನ್ನಷ್ಟು ಉಳಿಯಿತು. 2024ರಲ್ಲಿ ನಾನು ನಿವೃತ್ತನಾದೆ. ಚಂದನಾ ಈಗ ಹೈಸ್ಕೂಲಿನಲ್ಲಿದ್ದಾಳೆ, ಆಗಾಗ ಫೋನ್ ಮಾಡಿ ಹೊಸ ಹೊಸ ಪ್ರಶ್ನೆ ಕೇಳುತ್ತಾಳೆ. ಬಹಳಷ್ಟಕ್ಕೆ ನನಗೆ ಗೊತ್ತಿಲ್ಲ ಎಂದೇ ಹೇಳುತ್ತೇನೆ. ಈಗೀಗ ಸಲೀಸಾಗಿ ಬರುತ್ತದೆ.

ಮೂವತ್ತಮೂರು ವರ್ಷ ನಾನು ಮಕ್ಕಳಿಗೆ ಉತ್ತರ ಬರೆಸಿದೆ. ಬರೆದುಕೊಂಡವರು ಪುಸ್ತಕ ಮುಚ್ಚಿ ಹೋದರು, ಅವರಲ್ಲಿ ಎಷ್ಟೋ ಜನರ ಹೆಸರು ಈಗ ನೆನಪಿಲ್ಲ. ನನ್ನ ಶಾಲೆಯಲ್ಲಿ ಒಂದು ಮಗು ಉಳಿಯಿತು, ಅವಳಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ.